ವ್ಯೋಮಯಾನವೂ ಸೋವಿಯತ್ ಗೃಹಜೀವನವೂ

ಚರಿತ್ರೆಯಲ್ಲಿ ಮಹಾಸಾಧನೆಗಳೆಂದು ಗಣನೆಗೆ ಬಂದವುಗಳನ್ನು ಕುರಿತು ಬರೆಯುವಾಗ ನಾವು ಸಾಧಾರಣವಾಗಿ ಅವನ್ನು ಸಾಧಿಸಿದವರ ಕಡೆಗೆ ದೃಷ್ಟಿಯನ್ನಿಡುತ್ತೇವೆ. ಅವನ್ನು ಕೇಳಿದವರ, ಕಂಡವರ, ಅವುಗಳ ಹೆಸರನ್ನು ಹೊತ್ತ ಸಾಮಾನನ್ನು ಕೊಂಡು ಮನೆಗೆ ತಂದವರ ಕಡೆಗೆ ಅಷ್ಟಾಗಿ ಲಕ್ಷ್ಯ ಕೊಡುವುದಿಲ್ಲ. ಸೋವಿಯತ್ ಒಕ್ಕೂಟದ ವ್ಯೋಮಯಾನದ ಇತಿಹಾಸವೂ ಬಹುಕಾಲ ಹೀಗೆಯೇ ಬರೆಯಲ್ಪಟ್ಟಿತು. ೧೯೫೭ರ ಅಕ್ಟೋಬರ್ ೪ರಂದು ಮೊದಲ ಕೃತಕ ಉಪಗ್ರಹ, ೧೯೬೧ರ ಏಪ್ರಿಲ್ ೧೨ರಂದು ಮೊದಲ ಮಾನವ, ೧೯೬೩ರ ಜೂನ್ ೧೬ರಂದು ಮೊದಲ ಮಹಿಳೆ, ೧೯೬೫ರ ಮಾರ್ಚ್ ೧೮ರಂದು ನೌಕೆಯಿಂದ ಹೊರಬಂದು ತೇಲಿದ ಮೊದಲ ಯಾತ್ರಿ—ಈ ಪ್ರಥಮಗಳ ಪಟ್ಟಿ ಎಲ್ಲರಿಗೂ ತಿಳಿದದ್ದೇ. ಆದರೆ ಅದೇ ವರ್ಷಗಳಲ್ಲಿ ಆ ದೇಶದ ಒಂದು ಸಾಮಾನ್ಯ ಸಂಸಾರದಲ್ಲಿ ಈ ಸಾಧನೆಗಳು ಏನಾಗಿ ಪರಿಣಮಿಸಿದವು? ಪ್ರಕೃತ ಲೇಖನದಲ್ಲಿ ನಾವು ವಿಚಾರ ಮಾಡಲೆಳಸುವುದು ಈ ಪ್ರಶ್ನೆಯನ್ನು.

ಈ ವಿಷಯದಲ್ಲಿ ಎರಡು ಅಭಿಪ್ರಾಯಗಳು ರೂಢಿಯಲ್ಲಿವೆ. ವ್ಯೋಮಯಾನದ ಉತ್ಸಾಹವೆಲ್ಲವೂ ಸರ್ಕಾರ ಮೇಲಿನಿಂದ ಹೇರಿದ ಪ್ರಚಾರವೆಂಬುದು ಒಂದು. ಅದು ಜನಹೃದಯದಿಂದ ತಾನಾಗಿ ಉಕ್ಕಿದ ಆನಂದವೆಂಬುದು ಮತ್ತೊಂದು. ಇವೆರಡರಲ್ಲಿಯೂ ಸತ್ಯಾಂಶವಿದೆ; ಆದರೆ ಯಾವುದೊಂದೂ ಪೂರ್ಣವಲ್ಲ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದಾದರೆ, ಸೋವಿಯತ್ ಪ್ರಭುತ್ವವು ತನ್ನ ಪ್ರಜೆಗಳಿಗೆ ಕೊಟ್ಟ ಅನೇಕ ವಾಗ್ದಾನಗಳಲ್ಲಿ ವ್ಯೋಮಯಾನವು ಎಲ್ಲರ ಕಣ್ಣಿಗೂ ಕಾಣುವಂತೆ ನೆರವೇರಿದ ವಾಗ್ದಾನವಾಗಿತ್ತು. ಆದ್ದರಿಂದಲೇ ಜನ ಅದನ್ನು ಪ್ರೀತಿಯಿಂದ ಮನೆಯೊಳಕ್ಕೆ ಬರಮಾಡಿಕೊಂಡರು. ಆದ್ದರಿಂದಲೇ ಅದು ಮನೆಯೊಳಗಿನ ಕೊರತೆಗಳನ್ನು ಅಳೆಯುವ ಅಳತೆಗೋಲೂ ಆಯಿತು.

೧. ಹಿನ್ನೆಲೆ

ವ್ಯೋಮದ ಕನಸು ರಷ್ಯದಲ್ಲಿ ೧೯೫೭ರಲ್ಲಿ ಹುಟ್ಟಿದ್ದಲ್ಲ. ಕಲೂಗಾ ಎಂಬ ಸಣ್ಣ ಪಟ್ಟಣದಲ್ಲಿ ಶಾಲೆಯ ಉಪಾಧ್ಯಾಯರಾಗಿದ್ದ ಕಾನ್‌ಸ್ಟಾಂಟಿನ್ ತ್ಸಿಯೋಲ್ಕೋವ್‌ಸ್ಕಿ (೧೮೫೭–೧೯೩೫) ರಾಕೆಟ್ಟಿನ ಮೂಲಕ ಭೂಮಿಯನ್ನು ಬಿಟ್ಟು ಹೋಗುವುದು ಗಣಿತದ ದೃಷ್ಟಿಯಿಂದ ಸಾಧ್ಯವೆಂದು ತೋರಿಸಿದ್ದರು. ಯಾಕೊವ್ ಪೆರೆಲ್ಮನ್ನರ ಸರಳ ವಿಜ್ಞಾನ ಗ್ರಂಥಗಳು ಈ ವಿಚಾರವನ್ನು ಸಾಮಾನ್ಯ ಓದುಗರಿಗೆ ಮುಟ್ಟಿಸಿದವು. ೧೯೨೪ರಲ್ಲಿ ಮಂಗಳಗ್ರಹದ ಕಥೆಯನ್ನೊಳಗೊಂಡ ‘ಅಯೇಲಿತಾ’ ಚಲನಚಿತ್ರ ಬಂದಿತು. ೧೯೨೭ರಲ್ಲಿ ಮಾಸ್ಕೋದಲ್ಲಿ ಗ್ರಹಾಂತರ ಯಾನವನ್ನು ಕುರಿತ ಒಂದು ಪ್ರದರ್ಶನವೇ ಏರ್ಪಟ್ಟಿತು. ೧೯೫೭ರ ಸುದ್ದಿ ಬಂದಾಗ ಅದನ್ನು ಗ್ರಹಿಸಲು ಬೇಕಾದ ಕಥೆಗಳೂ ಚಿತ್ರಗಳೂ ಜನರ ಮನಸ್ಸಿನಲ್ಲಿ ಆಗಲೇ ಇದ್ದವೆಂಬುದನ್ನು ಇದರಿಂದ ಊಹಿಸಬಹುದು.

ಇನ್ನು ಜನರ ವಾಸಸ್ಥಿತಿಯ ವಿಚಾರ. ಎರಡನೆಯ ಮಹಾಯುದ್ಧದಲ್ಲಿ ಪಶ್ಚಿಮ ಪ್ರಾಂತಗಳ ನಗರಗಳೂ ಹಳ್ಳಿಗಳೂ ನೆಲಸಮವಾಗಿದ್ದವು. ನಗರಗಳಲ್ಲಿ ಒಂದೊಂದು ಕುಟುಂಬಕ್ಕೆ ಒಂದೊಂದೇ ಕೊಠಡಿ, ಹಲವು ಕುಟುಂಬಗಳಿಗೆ ಸೇರಿ ಒಂದೇ ಅಡುಗೆಮನೆ—ಇದು ಸಾಮಾನ್ಯ ಸ್ಥಿತಿಯಾಗಿತ್ತು. ೧೯೫೭ರ ಜುಲೈ ೩೧ರಂದು, ಎಂದರೆ ಮೊದಲ ಉಪಗ್ರಹ ಹಾರುವುದಕ್ಕೆ ಕೇವಲ ಒಂಬತ್ತು ವಾರಗಳ ಹಿಂದೆ, ನಿಕಿತಾ ಕ್ರುಶ್ಚೇವರ ಸರ್ಕಾರ ಹತ್ತು ಹನ್ನೆರಡು ವರ್ಷಗಳೊಳಗೆ ವಸತಿಯ ಅಭಾವವನ್ನು ನೀಗಿಸುವೆವೆಂದು ಸಾರಿತು. ಕಾರ್ಖಾನೆಯಲ್ಲಿ ಎರಕಹೊಯ್ದ ಕಾಂಕ್ರೀಟು ಫಲಕಗಳಿಂದ ಕಟ್ಟಿದ ಐದಂತಸ್ತಿನ ಮನೆಗಳು ಊರೂರಲ್ಲಿ ಎದ್ದವು. ಕೋಟಿಗಟ್ಟಲೆ ಜನರು ಜೀವಮಾನದಲ್ಲಿ ಮೊದಲ ಬಾರಿಗೆ ತಮ್ಮದೇ ಬಾಗಿಲು, ತಮ್ಮದೇ ಒಲೆ ಎಂಬುದನ್ನು ಕಂಡರು. ವ್ಯೋಮಯುಗವೂ ಪ್ರತ್ಯೇಕ ಮನೆಯ ಯುಗವೂ ಹೀಗೆ ಒಂದೇ ವರ್ಷದಲ್ಲಿ ಪ್ರಾರಂಭವಾದವು. ಈ ಕಾಲಸಾಮ್ಯವನ್ನು ಮುಂದಿನ ವಿವೇಚನೆಯಲ್ಲಿ ನಾವು ಮರೆಯಬಾರದು.

೨. ಕೇಳಿದ ಧ್ವನಿ, ಕಂಡ ಬೆಳಕು

ಮೊದಲ ಉಪಗ್ರಹದ ತೂಕ ೮೩.೬ ಕಿಲೋಗ್ರಾಂ, ವ್ಯಾಸ ೫೮ ಸೆಂಟಿಮೀಟರ್. ಅಕ್ಟೋಬರ್ ೫ರ ‘ಪ್ರಾವ್ದಾ’ ಪತ್ರಿಕೆ ಅದರ ಸುದ್ದಿಯನ್ನು ಮೊದಲ ಪುಟದ ಒಂದು ಕಡೆಯಲ್ಲಿ ಆಡಂಬರವಿಲ್ಲದ ಪ್ರಕಟನೆಯಾಗಿ ಮುದ್ರಿಸಿತು. ವಿದೇಶಗಳಲ್ಲಿ ಎದ್ದ ಕೋಲಾಹಲವನ್ನು ಕಂಡಮೇಲೆ, ಮಾರನೆಯ ದಿನ ಅದೇ ಪುಟ ದೊಡ್ಡ ತಲೆಬರಹಗಳಿಂದ ತುಂಬಿತು. ಪ್ರಚಾರವು ಘಟನೆಯ ಮುಂದೆ ನಡೆಯಲಿಲ್ಲ, ಹಿಂದೆ ಬಂದಿತು ಎಂಬುದಕ್ಕೆ ಈ ಒಂದು ದಿನದ ಅಂತರವೇ ಸಾಕ್ಷಿ.

ಸಾಮಾನ್ಯ ಜನರು ಈ ಉಪಗ್ರಹವನ್ನು ಅನುಭವಿಸಿದ್ದು ಎರಡು ಬಗೆಯಲ್ಲಿ. ಮೊದಲನೆಯದು ಕಿವಿಯ ಮೂಲಕ. ಅದು ಸುಮಾರು ೨೦ ಮತ್ತು ೪೦ ಮೆಗಾಹರ್ಟ್ಸ್ ಕಂಪನಾಂಕಗಳಲ್ಲಿ ಬಿಟ್ಟುಬಿಟ್ಟು ಕೇಳಿಸುವ ಸಂಕೇತವನ್ನು ಕಳುಹಿಸುತ್ತಿತ್ತು. ‘ರೇಡಿಯೋ’ ಎಂಬ ಹವ್ಯಾಸಿಗಳ ಮಾಸಪತ್ರಿಕೆ ಆ ಕಂಪನಾಂಕಗಳನ್ನು ಅದೇ ವರ್ಷದ ಬೇಸಗೆಯಲ್ಲಿಯೇ ಪ್ರಕಟಿಸಿತ್ತು. ಇದರಿಂದ ಕ್ಲಬ್ಬುಗಳಲ್ಲಿ ಸೇರಿದ ಯುವಕರು ತಾವೇ ಕೂಡಿಸಿದ ರೇಡಿಯೋಗಳಲ್ಲಿ ಆ ಧ್ವನಿಯನ್ನು ಹಿಡಿದರು. ಎರಡನೆಯದು ಕಣ್ಣಿನ ಮೂಲಕ. ವಿಶ್ವವಿದ್ಯಾನಿಲಯಗಳ ಮತ್ತು ಶಿಕ್ಷಣ ಸಂಸ್ಥೆಗಳ ವಿದ್ಯಾರ್ಥಿಗಳು ಚಿಕ್ಕ ದೂರದರ್ಶಕಗಳನ್ನಿಟ್ಟುಕೊಂಡು ಉಪಗ್ರಹದ ಮಾರ್ಗವನ್ನು ಗುರುತಿಸುವ ಕಾರ್ಯದಲ್ಲಿ ತೊಡಗಿದರು. ಉಳಿದವರು ಸಂಜೆ ಹೊತ್ತು ಅಂಗಳದಲ್ಲಿ ನಿಂತು ಆಕಾಶವನ್ನು ನೋಡಿದರು. ಬರಿಗಣ್ಣಿಗೆ ಕಂಡ ಆ ಚಲಿಸುವ ಚುಕ್ಕೆ ಬಹುಮಟ್ಟಿಗೆ ಉಪಗ್ರಹವಲ್ಲ, ಅದನ್ನು ಹೊತ್ತೊಯ್ದು ತಾನೂ ಕಕ್ಷೆಯಲ್ಲಿ ಉಳಿದ ರಾಕೆಟ್ಟಿನ ಭಾಗ. ನೋಡಿದವರಿಗೆ ಆ ಭೇದ ಮುಖ್ಯವಾಗಿರಲಿಲ್ಲ. ತಮ್ಮ ದೇಶದ ಕೈಕೆಲಸವೊಂದು ತಮ್ಮ ಛಾವಣಿಯ ಮೇಲೆ ಹಾದುಹೋಗುತ್ತಿದೆ ಎಂಬುದಷ್ಟೇ ಮುಖ್ಯವಾಗಿತ್ತು.

‘ಸ್ಪುಟ್ನಿಕ್’ ಎಂಬ ಶಬ್ದವನ್ನೂ ಇಲ್ಲಿ ಗಮನಿಸಬೇಕು. ರಷ್ಯನ್ ಭಾಷೆಯಲ್ಲಿ ಅದಕ್ಕೆ ಸಹಪಯಣಿಗ, ದಾರಿಯ ಜೊತೆಗಾರ ಎಂದು ಅರ್ಥ. ಹೊಸ ವಸ್ತುವಿಗೆ ಹೊಸ ಶಬ್ದವನ್ನು ಕಲಿಯುವ ಪ್ರಯಾಸವೇ ಆ ಜನರಿಗೆ ಬೀಳಲಿಲ್ಲ. ಮನೆಮಾತಿನ ಶಬ್ದವೇ ಆಕಾಶಕ್ಕೆ ಏರಿತು.

೩. ನಮ್ಮವನೇ ಒಬ್ಬ

೧೯೬೧ರ ಏಪ್ರಿಲ್ ೧೨ರ ಬೆಳಗ್ಗೆ ಮಾಸ್ಕೋ ರೇಡಿಯೋದಲ್ಲಿ ಯೂರಿ ಲೆವಿತಾನರ ಧ್ವನಿ ಕೇಳಿಸಿತು. ಯುದ್ಧಕಾಲದ ಪ್ರಕಟನೆಗಳನ್ನು ಓದಿದವರು ಅವರೇ. ಆದ್ದರಿಂದ ಆ ಕಂಠವನ್ನು ಕೇಳಿದೊಡನೆ ಮತ್ತೊಮ್ಮೆ ಯುದ್ಧ ಬಂದಿತೇನೋ ಎಂದು ಎದೆ ನಡುಗಿತೆಂದು ಅನೇಕರು ಮುಂದೆ ನೆನೆದುಕೊಂಡಿದ್ದಾರೆ. ಬಂದದ್ದು ಯುದ್ಧವಲ್ಲ, ಯೂರಿ ಗಗಾರಿನ್ ಎಂಬ ೨೭ ವರ್ಷದ ಅಧಿಕಾರಿ ಭೂಮಿಯನ್ನು ಸುತ್ತುತ್ತಿದ್ದಾನೆಂಬ ವಾರ್ತೆ. ಜನರು ತರಗತಿಗಳನ್ನೂ ಕೆಲಸವನ್ನೂ ಬಿಟ್ಟು ಬೀದಿಗೆ ಬಂದರು. ಮುದ್ರಿತ ಘೋಷಣೆಗಳಿಗೆ ಹೊಂದಿಕೊಂಡಿದ್ದ ಆ ನಗರದಲ್ಲಿ ಅಂದು ವಿದ್ಯಾರ್ಥಿಗಳು ಕೈಯಿಂದಲೇ ಬರೆದ ಫಲಕಗಳು ಕಾಣಿಸಿಕೊಂಡವು. ಇದನ್ನು ಕಂಡವರು ೧೯೪೫ರ ಮೇ ೯ರ ವಿಜಯದಿನಕ್ಕೆ ಹೋಲಿಸಿದರು. ಆ ದಿನ ಸತ್ತವರಿಗಾಗಿ ಅಳುವೂ ಇತ್ತು. ಈ ದಿನ ಕೇವಲ ಸಂತೋಷ.

ಗಗಾರಿನ್ನರ ಜೀವನವೃತ್ತಾಂತವು ಈ ಸಂತೋಷಕ್ಕೆ ಒಂದು ಮುಖವನ್ನು ಕೊಟ್ಟಿತು. ಸ್ಮೊಲೆನ್‌ಸ್ಕ್ ಪ್ರಾಂತದ ಕ್ಲೂಷಿನೊ ಗ್ರಾಮದಲ್ಲಿ ೧೯೩೪ರಲ್ಲಿ ಜನನ, ತಂದೆ ಬಡಗಿ, ಜರ್ಮನರು ಮನೆಯನ್ನು ಆಕ್ರಮಿಸಿದಾಗ ಸಂಸಾರಕ್ಕೆ ನೆಲದಲ್ಲಿ ತೋಡಿದ ಗುಳಿಯೇ ಆಶ್ರಯ, ಅನಂತರ ಲ್ಯೂಬೆರ್ತ್ಸಿಯಲ್ಲಿ ಎರಕದ ಕೆಲಸದ ಶಿಕ್ಷಣ, ಸರಾತೊವ್‌ನಲ್ಲಿ ತಾಂತ್ರಿಕ ಶಾಲೆ, ಬಳಿಕ ವಿಮಾನಚಾಲನೆ. ಲಕ್ಷಾಂತರ ಸಂಸಾರಗಳು ಇದರಲ್ಲಿ ತಮ್ಮ ಕಥೆಯನ್ನೇ ಓದಿಕೊಂಡವು. ಏಪ್ರಿಲ್ ೧೪ರಂದು ಮಾಸ್ಕೋ ವಿಮಾನನಿಲ್ದಾಣದ ಕೆಂಪು ಜಮಖಾನೆಯ ಮೇಲೆ ಅವರು ನಡೆದು ಬರುವಾಗ ಪಾದರಕ್ಷೆಯ ದಾರವೊಂದು ಬಿಚ್ಚಿಕೊಂಡಂತೆ ಕಾಣುವುದು ಚಲನಚಿತ್ರದಲ್ಲಿ ಉಳಿದಿದೆ. ಸರ್ಕಾರ ರಚಿಸಿದ ಯಾವ ಪ್ರಶಸ್ತಿಗಿಂತಲೂ ಈ ಸಣ್ಣ ಲೋಪವೇ ಅವರನ್ನು ಜನರಿಗೆ ಹತ್ತಿರ ತಂದಿತೆಂದರೆ ತಪ್ಪಾಗಲಾರದು. ೧೯೬೨ರಿಂದ ಏಪ್ರಿಲ್ ೧೨ ವ್ಯೋಮಯಾನದ ದಿನವಾಗಿ ಆಚರಣೆಗೆ ಬಂದಿತು. ೧೯೬೮ರಲ್ಲಿ ಗಗಾರಿನ್ ವಿಮಾನದುರಂತದಲ್ಲಿ ತೀರಿಕೊಂಡಮೇಲೆ ಅವರ ಬಾಲ್ಯದ ಪಟ್ಟಣವಾದ ಗ್ಜಾತ್ಸ್ಕ್‌ಗೆ ಅವರ ಹೆಸರನ್ನಿಡಲಾಯಿತು.

ವಲೆಂಟಿನಾ ಟೆರೆಷ್ಕೋವಾರ ಯಾನದ ಪರಿಣಾಮ ಇದಕ್ಕಿಂತ ಜಟಿಲವಾದದ್ದು. ಯಾರೊಸ್ಲಾವ್ಲ್‌ನ ಬಟ್ಟೆ ಗಿರಣಿಯ ಕೆಲಸಗಾರ್ತಿಯೊಬ್ಬಳು ಸುಮಾರು ಮೂರು ದಿನಗಳ ಕಾಲ ಭೂಮಿಯನ್ನು ೪೮ ಬಾರಿ ಸುತ್ತಿ ಬಂದದ್ದು ಸ್ತ್ರೀಪುರುಷ ಸಮಾನತೆಯ ನಿದರ್ಶನವೆಂದು ಜಗತ್ತಿಗೆಲ್ಲ ಸಾರಲ್ಪಟ್ಟಿತು. ಹೆಣ್ಣುಮಕ್ಕಳು ಅದನ್ನು ಮನಸಾರೆ ನಂಬಿದರು. ಆದರೆ ಮುಂದೆ ೧೯೮೨ರವರೆಗೆ, ಎಂದರೆ ೧೯ ವರ್ಷಗಳ ಕಾಲ, ಮತ್ತೊಬ್ಬ ಸೋವಿಯತ್ ಮಹಿಳೆ ವ್ಯೋಮಕ್ಕೆ ಹೋಗಲಿಲ್ಲ. ಮಹಿಳೆಯರ ತಂಡವನ್ನು ೧೯೬೯ರಲ್ಲಿ ವಿಸರ್ಜಿಸಲಾಯಿತು. ಮನೆಯಲ್ಲಿಯೂ ಹೆಂಗಸಿನ ಎರಡು ಪಾಳಿ ತಪ್ಪಲಿಲ್ಲ: ಹಗಲು ಕಾರ್ಖಾನೆಯಲ್ಲಿ ಒಂದು, ಸಂಜೆ ಅಂಗಡಿಯ ಸಾಲಿನಲ್ಲಿ ಮತ್ತು ಒಲೆಯ ಮುಂದೆ ಮತ್ತೊಂದು.

೪. ಮನೆಗೆ ಬಂದ ವಸ್ತುಗಳು

ಈಗ ನಮ್ಮ ವಿಷಯದ ಹೃದಯಭಾಗಕ್ಕೆ ಬರುತ್ತೇವೆ. ಇತಿಹಾಸಕಾರನಿಗೆ ಶಾಸನ ಹೇಗೆ ಸಾಕ್ಷಿಯೋ ಹಾಗೆಯೇ ದಿನಬಳಕೆಯ ಸಾಮಾನೂ ಸಾಕ್ಷಿ. ರಷ್ಯನರು ಬಿಸಿ ಚಹಾವನ್ನು ಗಾಜಿನ ಲೋಟದಲ್ಲಿ ಕುಡಿಯುತ್ತಾರೆ. ಕೈ ಸುಡದಂತೆ ಆ ಲೋಟವನ್ನು ‘ಪೊದ್‌ಸ್ತಕಾನ್ನಿಕ್’ ಎಂಬ ಹಿಡಿಯುಳ್ಳ ಲೋಹದ ಕವಚದಲ್ಲಿ ಇಡುತ್ತಾರೆ. ೧೯೫೭ರ ಬಳಿಕ ರೈಲುಗಳಲ್ಲಿ ಪ್ರಯಾಣಿಕರ ಕೈಗೆ ಬಂದ ಇಂಥ ಕವಚಗಳ ಮೇಲೆ ಭೂಗೋಳವನ್ನು ಸುತ್ತುವ ಉಪಗ್ರಹದ ಉಬ್ಬುಚಿತ್ರವಿದ್ದಿತು. ಬೆಂಕಿಪೊಟ್ಟಣದ ಚೀಟಿ, ಅಂಚೆಚೀಟಿ, ಎದೆಗೆ ಚುಚ್ಚಿಕೊಳ್ಳುವ ಪುಟ್ಟ ಬಿಲ್ಲೆ ಇವುಗಳಲ್ಲೆಲ್ಲ ರಾಕೆಟ್ಟು ಹಾರಿತು. ೧೯೫೭ರ ನವೆಂಬರ್ ೩ರಂದು ಕಕ್ಷೆಗೆ ಹೋಗಿ ಮರಳಿ ಬಾರದ ಲೈಕಾ ಎಂಬ ನಾಯಿಯ ಹೆಸರು ಸಿಗರೇಟಿನ ಪೊಟ್ಟಣಕ್ಕೆ ಬಂದಿತು. ಪೆತ್ರೊದ್ವೊರೆತ್ಸಿನ ಗಡಿಯಾರ ಕಾರ್ಖಾನೆ ೧೯೬೦ರ ದಶಕದ ಆದಿಯಲ್ಲಿ ತನ್ನ ಕೈಗಡಿಯಾರಗಳಿಗೆ ‘ರಾಕೆತಾ’ ಎಂದು ಹೆಸರಿಟ್ಟಿತು. ವೋಲ್ಗಾ ನದಿಯಲ್ಲಿ ನೀರಿನಿಂದ ಮೇಲೆದ್ದು ಓಡುವ ಹೊಸ ಬಗೆಯ ದೋಣಿಗಳು ‘ರಾಕೆತಾ’, ‘ಮೆತೆಯೋರ್’ ಎಂಬ ಹೆಸರುಗಳಿಂದ ಸಂಚರಿಸಿದವು. ವಿಲ್ನಿಯಸ್ ನಗರದಲ್ಲಿ ೧೯೬೨ರಿಂದ ತಯಾರಾದ ಒಂದು ವ್ಯಾಕ್ಯೂಮ್ ಕ್ಲೀನರ್ ಶನಿಗ್ರಹದಂತೆ ದುಂಡಗಿದ್ದು ಸುತ್ತಲೂ ಬಳೆಯನ್ನು ಹೊಂದಿತ್ತು; ಅದರ ಹೆಸರೂ ಶನಿಗ್ರಹದ್ದೇ. ಅಮೆರಿಕದ ಹೂವರ್ ಕಂಪನಿಯ ಒಂದು ಯಂತ್ರವನ್ನು ಅದು ಬಹಳವಾಗಿ ಹೋಲುತ್ತಿತ್ತೆಂಬುದು ಸ್ವಾರಸ್ಯವಾದ ಸಂಗತಿ.

ಹೊಸ ಮನೆಗಳ ಅಂಗಳಗಳಲ್ಲಿ ಕಬ್ಬಿಣದ ಕೊಳವೆಗಳಿಂದ ಬೆಸೆದ, ಮಕ್ಕಳು ಹತ್ತಿ ಇಳಿಯುವ ರಾಕೆಟ್ಟುಗಳು ನಿಂತವು. ಹೊಸವರ್ಷದ ಮರದ ಅಲಂಕಾರವನ್ನು ನೋಡಿದರೆ ಬದಲಾವಣೆ ಇನ್ನೂ ಸ್ಪಷ್ಟವಾಗುತ್ತದೆ. ಕ್ರಿಸ್ಮಸ್ ಮರವನ್ನು ಕ್ರಾಂತಿಯ ಅನಂತರ ತಡೆದಿದ್ದ ಸರ್ಕಾರ ೧೯೩೫ರ ಕೊನೆಯಲ್ಲಿ ಅದನ್ನು ಹೊಸವರ್ಷದ ಮರವಾಗಿ ಮರಳಿ ತಂದಿತ್ತು. ೧೯೬೦ರ ದಶಕದಲ್ಲಿ ಆ ಮರದ ಕೊಂಬೆಗಳಲ್ಲಿ ಗಾಜಿನ ಉಪಗ್ರಹಗಳೂ ಶಿರಸ್ತ್ರಾಣ ತೊಟ್ಟ ಪುಟ್ಟ ವ್ಯೋಮಯಾತ್ರಿಗಳೂ ತೂಗಾಡಿದವು. ಶುಭಾಶಯ ಪತ್ರಗಳಲ್ಲಿ ಹಿಮತಾತನು ಜಾರುಬಂಡಿಯನ್ನು ಬಿಟ್ಟು ರಾಕೆಟ್ಟನ್ನೇರಿದನು. ಪ್ರಾಚೀನ ಚಳಿಗಾಲದ ಹಬ್ಬ, ಕ್ರೈಸ್ತರ ಆಚರಣೆ, ರಾಜ್ಯದ ಉತ್ಸವ, ವ್ಯೋಮಯುಗ—ಈ ನಾಲ್ಕು ಪದರಗಳೂ ಒಂದೇ ಮರದಲ್ಲಿ ಕೂಡಿಕೊಂಡವು. ಆ ಗಾಜಿನ ಗೊಂಬೆಗಳನ್ನು ಹತ್ತಿಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟು ವರ್ಷವರ್ಷವೂ ಹೊರತೆಗೆದದ್ದು ಯಾವ ಪ್ರಚಾರಾಧಿಕಾರಿಯೂ ಅಲ್ಲ, ಮನೆಯ ಅಜ್ಜಿಯರು.

ಹೀಗೆ ಹೆಸರೂ ಆಕೃತಿಯೂ ಮನೆಗೆ ಬಂದವು. ತಂತ್ರಜ್ಞಾನ ಬಂದಿತೇ ಎಂದು ಕೇಳಿದರೆ, ಬಹುಮಟ್ಟಿಗೆ ಬರಲಿಲ್ಲವೆಂದೇ ಹೇಳಬೇಕು. ಇದಕ್ಕೆ ಕಾರಣ ಸ್ಪಷ್ಟವಾಗಿದೆ. ಉಪಗ್ರಹವನ್ನು ಹೊತ್ತ ಆರ್-೭ ರಾಕೆಟ್ಟು ಮೂಲತಃ ಖಂಡಾಂತರ ಕ್ಷಿಪಣಿ. ಅದನ್ನು ತಯಾರಿಸಿದ ಸಂಸ್ಥೆಗಳು ಸೈನ್ಯೋದ್ಯಮದ ಗೋಪ್ಯವಲಯಕ್ಕೆ ಸೇರಿದ್ದವು. ಅಲ್ಲಿನ ಲೋಹವಿದ್ಯೆ, ವಿದ್ಯುನ್ಮಾನ ವಿದ್ಯೆಗಳು ಗೃಹೋಪಯೋಗಿ ವಸ್ತುಗಳನ್ನು ಮಾಡುವ ಕಾರ್ಖಾನೆಗೆ ಸುಲಭವಾಗಿ ಹರಿದು ಬರುವಂತಿರಲಿಲ್ಲ. ಜ್ಞಾನಕ್ಕೆ ಬಾಗಿಲು ಮುಚ್ಚಿದ್ದುದರಿಂದ ಚಿತ್ರವೇ ಅದರ ಪ್ರತಿನಿಧಿಯಾಗಿ ಹೊರಗೆ ಬರಬೇಕಾಯಿತು. ವ್ಯಾಕ್ಯೂಮ್ ಕ್ಲೀನರ್ ಶನಿಗ್ರಹದಂತೆ ಕಾಣುತ್ತಿತ್ತು. ಧೂಳು ಹೀರುವುದರಲ್ಲಿ ಅದು ಮಿಕ್ಕ ಯಂತ್ರಗಳಂತೆಯೇ ಇದ್ದಿತು.

೫. ಶಾಲೆ, ತಾರಾಲಯ, ದೇವರ ಮೂಲೆ

ಮಕ್ಕಳ ಮೇಲಾದ ಪ್ರಭಾವವನ್ನು ಸಂಕ್ಷೇಪವಾಗಿ ಹೇಳಬಹುದು. ‘ತರುಣ ತಂತ್ರಜ್ಞ’ ಎಂಬರ್ಥದ ‘ಯೂನಿ ತೆಖ್ನಿಕ್’ ಮೊದಲಾದ ಪತ್ರಿಕೆಗಳೂ ಪಯೋನೀರ್ ಭವನಗಳ ಮಂಡಲಿಗಳೂ ರಾಕೆಟ್ಟಿನ ಮಾದರಿಗಳನ್ನು ಮಾಡುವುದನ್ನು ಕಲಿಸಿದವು. ೧೯೫೭ರಲ್ಲಿ ಬೆಳಕು ಕಂಡ ಇವಾನ್ ಎಫ್ರೆಮೊವ್‌ರ ‘ಆಂಡ್ರೊಮಿಡಾ ನೀಹಾರಿಕೆ’ ಕಾದಂಬರಿ ದೂರಭವಿಷ್ಯದ ಸಮತಾ ಸಮಾಜವನ್ನು ನಕ್ಷತ್ರಯಾನದೊಡನೆ ಸೇರಿಸಿ ಚಿತ್ರಿಸಿತು. ವ್ಯೋಮಯಾತ್ರಿಯಾಗಬೇಕೆಂಬುದು ಒಂದು ಪೀಳಿಗೆಯ ಹುಡುಗರ ಸಹಜವಾದ ಆಸೆಯಾಯಿತು. ದೊಡ್ಡವರ ನಡುವೆ ಇದೇ ವಿಷಯ ವಾದವಾಗಿ ಬೆಳೆಯಿತು. ಭೌತವಿಜ್ಞಾನಿಯ ಯುಗದಲ್ಲಿ ಕವಿಗೆ ಸ್ಥಾನವೆಲ್ಲಿ ಎಂಬ ಪ್ರಶ್ನೆಯನ್ನು ೧೯೫೯ರಲ್ಲಿ ‘ಕೊಮ್ಸೊಮೊಲ್‌ಸ್ಕಯಾ ಪ್ರಾವ್ದಾ’ ಪತ್ರಿಕೆಯ ಪುಟಗಳಲ್ಲಿ ಚರ್ಚಿಸಲಾಯಿತು. ವ್ಯೋಮದಲ್ಲಿಯೂ ಮನುಷ್ಯನಿಗೆ ಲೈಲಾಕ್ ಹೂವಿನ ಒಂದು ಕೊಂಬೆ ಬೇಕಾದೀತು ಎಂಬ ವಿಚಾರ ಆ ಚರ್ಚೆಯ ಮೂಲಕ ಜನರ ಬಾಯಲ್ಲಿ ನೆಲೆಸಿತು.

ಮತಧರ್ಮದ ವಿಷಯದಲ್ಲಿ ಪ್ರಭುತ್ವ ಬಹಳ ನಿರೀಕ್ಷೆಯನ್ನಿಟ್ಟುಕೊಂಡಿತ್ತು. ೧೯೫೮ರಿಂದ ೧೯೬೪ರವರೆಗೆ ನಡೆದ ಧರ್ಮವಿರೋಧಿ ಆಂದೋಲನದಲ್ಲಿ ಸಾಂಪ್ರದಾಯಿಕ ಕ್ರೈಸ್ತ ದೇವಾಲಯಗಳ ಸಂಖ್ಯೆ ೧೩,೦೦೦ಕ್ಕಿಂತ ಹೆಚ್ಚಿದ್ದುದು ಸುಮಾರು ೭,೫೦೦ಕ್ಕೆ ಇಳಿಯಿತು. ಅದೇ ಕಾಲದಲ್ಲಿ ಉಪನ್ಯಾಸಕರು ತಾರಾಲಯಗಳಲ್ಲಿ ಆಕಾಶವನ್ನು ತೋರಿಸಿ, ಮನುಷ್ಯ ಅಲ್ಲಿಗೆ ಹೋಗಿ ಬಂದನೆಂದೂ ಅಲ್ಲಿ ದೇವರಿಲ್ಲವೆಂದೂ ಬೋಧಿಸಿದರು. ದೇವರನ್ನು ಕಾಣಲಿಲ್ಲವೆಂಬ ಮಾತನ್ನು ಲೋಕ ಗಗಾರಿನ್ನರ ಮೇಲೆ ಹೊರಿಸಿದೆ. ಅವರು ಹಾಗೆಂದುದಕ್ಕೆ ದಾಖಲೆಯಿಲ್ಲ. ಆ ಅರ್ಥದ ಮಾತನ್ನು ಬಹಿರಂಗವಾಗಿ ಆಡಿದವರು ಎರಡನೆಯ ಯಾತ್ರಿ ಗೆರ್ಮನ್ ತಿತೋವ್, ೧೯೬೨ರಲ್ಲಿ ಅಮೆರಿಕದ ಸಿಯಾಟಲ್ ನಗರದಲ್ಲಿ. ಆದರೆ ಈ ವಾದ ಮನೆಯೊಳಗಿನ ಭಕ್ತಿಯನ್ನು ಮುಟ್ಟಿದ್ದು ಸ್ವಲ್ಪವೇ. ವಿಗ್ರಹಚಿತ್ರಗಳನ್ನಿಡುವ ದೇವರ ಮೂಲೆಗೆ ರಷ್ಯದಲ್ಲಿ ‘ಕೆಂಪು ಮೂಲೆ’ ಎಂದು ಹೆಸರು; ಕಾರ್ಖಾನೆಗಳಲ್ಲಿ ಲೆನಿನ್ನರ ಚಿತ್ರವನ್ನಿಟ್ಟು ಪತ್ರಿಕೆ ಓದುವ ಸ್ಥಳಕ್ಕೂ ಅದೇ ಹೆಸರು ಬಂದಿತ್ತು. ಒಂದೇ ಹೆಸರಿನಲ್ಲಿ ಎರಡು ಲೋಕಗಳನ್ನು ಇಟ್ಟುಕೊಂಡು ಬಾಳುವ ಅಭ್ಯಾಸವಿದ್ದ ಜನರಿಗೆ ಗಗಾರಿನ್ನರನ್ನು ಮೆಚ್ಚುವುದಕ್ಕಾಗಿ ದೇವರನ್ನು ಬಿಡಬೇಕಾದ ಅಗತ್ಯ ತೋರಲಿಲ್ಲ.

೬. ಮರೆಮಾಚಿದ್ದು

ಜನರು ಇಷ್ಟೊಂದು ಪ್ರೀತಿಯಿಂದ ಸ್ವೀಕರಿಸಿದ ಈ ಕಥೆಯ ಬಹುಭಾಗ ಅವರಿಂದ ಮುಚ್ಚಿಡಲ್ಪಟ್ಟಿತ್ತು. ರಾಕೆಟ್ಟುಗಳ ಪ್ರಧಾನ ವಿನ್ಯಾಸಕ ಸೆರ್ಗೆಯ್ ಕೊರೊಲೆವ್‌ರ ಹೆಸರನ್ನು ಜನ ತಿಳಿದದ್ದು ೧೯೬೬ರ ಜನವರಿಯಲ್ಲಿ, ಅವರ ಮರಣವಾರ್ತೆಯಲ್ಲಿ. ಅವರು ೧೯೩೮ರಲ್ಲಿ ಬಂಧಿತರಾಗಿ ಕೊಲಿಮಾದ ಶ್ರಮಶಿಬಿರವನ್ನು ಕಂಡಿದ್ದರೆಂಬುದು ಆ ವಾರ್ತೆಯಲ್ಲಿರಲಿಲ್ಲ. ೧೯೬೦ರ ಅಕ್ಟೋಬರ್ ೨೪ರಂದು ಕ್ಷಿಪಣಿಯೊಂದು ಉಡ್ಡಯನಸ್ಥಳದಲ್ಲಿಯೇ ಸಿಡಿದು ಮಾರ್ಷಲ್ ನೆದೇಲಿನ್ ಮೊದಲಾದ ಅನೇಕರು ಮಡಿದ ಸಂಗತಿ ೧೯೮೯ರವರೆಗೆ ಸೋವಿಯತ್ ಪತ್ರಿಕೆಗಳಲ್ಲಿ ಬರಲಿಲ್ಲ. ಗಗಾರಿನ್ ನೌಕೆಯೊಡನೆ ಇಳಿಯದೆ, ಅದರಿಂದ ಹೊರಬಂದು ಪ್ಯಾರಾಶೂಟಿನಲ್ಲಿ ಪ್ರತ್ಯೇಕವಾಗಿ ಇಳಿದರೆಂಬುದನ್ನೂ ಅಂತಾರಾಷ್ಟ್ರೀಯ ದಾಖಲೆಗೆ ಧಕ್ಕೆಯಾದೀತೆಂದು ಬಹುಕಾಲ ಮುಚ್ಚಲಾಯಿತು. ಲೈಕಾ ಕಕ್ಷೆಗೆ ಹೋದ ಕೆಲವೇ ಗಂಟೆಗಳಲ್ಲಿ ತಾಪದಿಂದ ಸತ್ತಿತೆಂಬುದು ತಿಳಿದದ್ದು ೨೦೦೨ರಲ್ಲಿ.

ಈ ಗೋಪ್ಯಕ್ಕೆ ಜನಜೀವನದಲ್ಲಿ ಎರಡು ಫಲಗಳುಂಟಾದವು. ತಿಳಿಯಬೇಕಾದದ್ದು ತಿಳಿಯದಿದ್ದಲ್ಲಿ ವದಂತಿಗಳು ಬೆಳೆದವು, ಇದು ಮೊದಲನೆಯದು. ಎರಡನೆಯದಾಗಿ, ಯಂತ್ರಗಳ ಮತ್ತು ಅವನ್ನು ಕಟ್ಟಿದವರ ವಿಷಯ ಹೇಳಲಾಗದಿದ್ದುದರಿಂದ ಯಾತ್ರಿಗಳ ನಗುಮುಖವೇ ಕಥೆಯ ಸರ್ವಸ್ವವಾಯಿತು. ೧೯೬೭ರ ಏಪ್ರಿಲ್ ೨೪ರಂದು ವ್ಲಾದಿಮಿರ್ ಕೊಮಾರೊವ್, ೧೯೭೧ರ ಜೂನ್ ೩೦ರಂದು ದೊಬ್ರೊವೊಲ್‌ಸ್ಕಿ, ವೋಲ್ಕೊವ್, ಪತ್ಸಾಯೆವ್ ಮರಣಹೊಂದಿದಾಗ ಜನ ಪಟ್ಟ ದುಃಖ ನಿಜವಾದದ್ದು. ಆದರೆ ಸೋಲಿನ ಸಂಭವವನ್ನೇ ಹೇಳದೆ ಬೆಳೆಸಿದ ವಿಶ್ವಾಸಕ್ಕೆ ಆ ಪೆಟ್ಟುಗಳು ದೊಡ್ಡವೇ ಆದವು.

೭. ರಾಕೆಟ್ಟೂ ಊಟದ ಮೇಜೂ

ಇನ್ನು ಅಳತೆಗೋಲಿನ ವಿಚಾರ. ೧೯೬೦ರ ಜೂನ್ ತಿಂಗಳಲ್ಲಿ ‘ಕೊಮ್ಸೊಮೊಲ್‌ಸ್ಕಯಾ ಪ್ರಾವ್ದಾ’ ಒಬ್ಬ ಕಾರ್ಮಿಕನ ಪತ್ರವನ್ನು ಅಚ್ಚುಮಾಡಿತು. ಉಪಗ್ರಹಗಳಿಂದ ತನ್ನಂಥವನಿಗೆ ಏನು ಸಿಕ್ಕಿತು, ಅದಕ್ಕೆ ಸುರಿದ ಹಣವನ್ನು ಜನರ ಊಟ ಬಟ್ಟೆಗಳ ಕಡೆಗೆ ತಿರುಗಿಸಬಾರದಿತ್ತೆ ಎಂಬುದು ಅದರ ತಾತ್ಪರ್ಯ. ಪತ್ರವನ್ನು ಪ್ರಕಟಿಸಿದ್ದು ಖಂಡನೆಗೆ ಅವಕಾಶ ಕೊಡುವುದಕ್ಕಾಗಿಯೇ ಎಂಬುದು ನಿಜ. ಆದರೂ ಪ್ರಶ್ನೆ ಅಚ್ಚಿನಲ್ಲಿ ಉಳಿಯಿತು.

ಮರುವರ್ಷ ಈ ಪ್ರಶ್ನೆ ಇನ್ನೂ ತೀಕ್ಷ್ಣವಾಯಿತು. ೧೯೬೧ರ ಅಕ್ಟೋಬರಿನಲ್ಲಿ, ಗಗಾರಿನ್ನರ ಯಾನದ ಆರು ತಿಂಗಳ ಬಳಿಕ, ಕಮ್ಯುನಿಸ್ಟ್ ಪಕ್ಷದ ೨೨ನೆಯ ಮಹಾಧಿವೇಶನ ಹೊಸ ಕಾರ್ಯಕ್ರಮವನ್ನು ಅಂಗೀಕರಿಸಿತು. ಇಪ್ಪತ್ತು ವರ್ಷಗಳಲ್ಲಿ ಪ್ರತಿಯೊಂದು ಕುಟುಂಬಕ್ಕೂ ಅನುಕೂಲವಾದ ಪ್ರತ್ಯೇಕ 
ಮನೆ, ನಗರ ಸಾರಿಗೆ ಉಚಿತ, ಬಾಡಿಗೆಯಿಲ್ಲ. ಈಗಿನ ಪೀಳಿಗೆಯೇ ಕಮ್ಯುನಿಸಮ್ಮನ್ನು ಕಾಣುತ್ತದೆ—ಇವು ಅದರ ಆಶ್ವಾಸನೆಗಳು. ವ್ಯೋಮದಲ್ಲಿ ಅಸಾಧ್ಯವಾದದ್ದನ್ನು ಸಾಧಿಸಿದ ರಾಜ್ಯಕ್ಕೆ ಇದು ಅಸಾಧ್ಯವೇ ಎಂದು ಕೇಳುವವರಿಗೆ ಆಗ ಉತ್ತರ ಹೇಳುವುದು ಸುಲಭವಾಗಿರಲಿಲ್ಲ.

ಆದರೆ ೧೯೬೨ರ ಜೂನ್ ೧ರಂದು ಮಾಂಸದ ಬೆಲೆ ಸರಾಸರಿ ನೂರಕ್ಕೆ ೩೦, ಬೆಣ್ಣೆಯ ಬೆಲೆ ನೂರಕ್ಕೆ ೨೫ ಏರಿತು. ನೊವೊಚೆರ್ಕಾಸ್ಕ್ ನಗರದ ರೈಲ್ವೆ ಇಂಜಿನ್ ಕಾರ್ಖಾನೆಯ ಕೆಲಸಗಾರರು ಮುಷ್ಕರ ಹೂಡಿದರು. ಜೂನ್ ೨ರಂದು ಸೈನಿಕರ ಗುಂಡಿಗೆ ೨೦ಕ್ಕಿಂತ ಹೆಚ್ಚು ಮಂದಿ ಬಲಿಯಾದರು. ಈ ಸಂಗತಿಯನ್ನೂ ಪತ್ರಿಕೆಗಳು ಮರೆಮಾಚಿದವು. ಅದೇ ವರ್ಷ ಆಗಸ್ಟಿನಲ್ಲಿ ನಿಕೊಲಾಯೆವ್ ಮತ್ತು ಪೊಪೊವಿಚ್ ಏಕಕಾಲದಲ್ಲಿ ಎರಡು ನೌಕೆಗಳಲ್ಲಿ ಹಾರಿದರು. ವ್ಯೋಮದಿಂದ ಅವರ ಚಿತ್ರ ಜನರ ಟೆಲಿವಿಷನ್ನಿನಲ್ಲಿ ಕಂಡಿತು. ಅವರ ಸ್ವಾಗತಸಭೆಯಲ್ಲಿ ಕ್ರುಶ್ಚೇವ್ ಲೆನಿನ್ ಸಮಾಧಿಯ ವೇದಿಕೆಯಿಂದ ‘ಉಡ್ಡಯನಕ್ಕೆ ಹದಿನಾಲ್ಕು ನಿಮಿಷ’ ಎಂಬ ಜನಪ್ರಿಯ ಗೀತೆಯ ಸಾಲುಗಳನ್ನು ಉದ್ಧರಿಸಿದರು. ಆ ಗೀತೆಯನ್ನು ೧೯೬೦ರಲ್ಲಿ ಬರೆದ ವ್ಲಾದಿಮಿರ್ ವೊಯ್ನೊವಿಚ್ ಮುಂದೆ ಪ್ರಭುತ್ವದ ವಿಡಂಬಕರಾಗಿ ೧೯೮೦ರಲ್ಲಿ ದೇಶವನ್ನೇ ಬಿಡಬೇಕಾಯಿತು. ಒಂದೇ ಬೇಸಗೆಯ ಈ ಎರಡು ಘಟನೆಗಳನ್ನು ಒಟ್ಟಿಗಿಟ್ಟು ನೋಡದೆ ಆ ಕಾಲದ ಜನಮನಸ್ಸನ್ನು ತಿಳಿಯಲಾಗದು. ೧೯೬೩ರಲ್ಲಿ, ಟೆರೆಷ್ಕೋವಾ ಹಾರಿದ ವರ್ಷದಲ್ಲಿ, ಬೆಳೆ ಕೆಟ್ಟು ಕೆನಡಾ ಮೊದಲಾದ ದೇಶಗಳಿಂದ ಧಾನ್ಯವನ್ನು ಕೊಳ್ಳಬೇಕಾಯಿತು. ರೊಟ್ಟಿಯ ಅಂಗಡಿಗಳ ಮುಂದೆ ಸಾಲುಗಳು ಬೆಳೆದವು.

ಆ ದಿನಗಳ ಒಂದು ನಗೆಹನಿ ಈ ಸ್ಥಿತಿಯನ್ನು ಯಾವ ಪ್ರಬಂಧಕ್ಕಿಂತಲೂ ಚೆನ್ನಾಗಿ ಹೇಳುತ್ತದೆ. ಗಗಾರಿನ್ನರ ಮನೆಗೆ ಯಾರೋ ಟೆಲಿಫೋನ್ ಮಾಡುತ್ತಾರೆ. ಮಗಳು ಉತ್ತರ ಕೊಡುತ್ತಾಳೆ. ಅಪ್ಪ ಭೂಮಿಯನ್ನು ಸುತ್ತಲು ಹೋಗಿದ್ದಾರೆ, ಇಂಥ ಹೊತ್ತಿಗೆ ಸರಿಯಾಗಿ ಬರುತ್ತಾರೆ. ಅಮ್ಮ ಅಂಗಡಿಗೆ ಹೋಗಿದ್ದಾರೆ, ಯಾವಾಗ ಬರುತ್ತಾರೋ ಗೊತ್ತಿಲ್ಲ. ಇದರಲ್ಲಿ ವ್ಯೋಮಯಾನದ ತಿರಸ್ಕಾರವಿಲ್ಲ ಎಂಬುದನ್ನು ಗಮನಿಸಬೇಕು. ಅಪ್ಪ ಹೇಳಿದ ಹೊತ್ತಿಗೆ ಬರುವನೆಂಬ ನಂಬಿಕೆ ಅದರಲ್ಲಿ ದೃಢವಾಗಿದೆ. ಆ ನಂಬಿಕೆಯಿಂದಲೇ ಅಮ್ಮನ ಸಾಲಿನ ಕಷ್ಟ ಎದ್ದು ಕಾಣುತ್ತದೆ. ರಾಕೆಟ್ಟನ್ನು ನಿಮಿಷಕ್ಕೆ ಸರಿಯಾಗಿ ಇಳಿಸಬಲ್ಲ ರಾಜ್ಯ ಅಂಗಡಿಯ ಸಾಲನ್ನು ಏಕೆ ಕರಗಿಸಲಾರದು? ಅಸಾಮರ್ಥ್ಯವೆಂದು ಕ್ಷಮಿಸಬಹುದಾಗಿದ್ದ ಕೊರತೆ ಈಗ ಅಲಕ್ಷ್ಯವೆಂದು ತೋರತೊಡಗಿತು.

೮. ಉಪಯೋಗವಾಗಿ ಬಂದ ವ್ಯೋಮ

ಮೇಲೆ ಹೇಳಿದ್ದಕ್ಕೆ ಒಂದು ದೊಡ್ಡ ಅಪವಾದವುಂಟು. ೧೯೬೫ರ ಏಪ್ರಿಲ್‌ನಲ್ಲಿ ‘ಮೋಲ್ನಿಯಾ’ ಸಂಪರ್ಕ ಉಪಗ್ರಹ ಹಾರಿತು. ವಿಷುವದ್ರೇಖೆಯ ಮೇಲಿನ ಉಪಗ್ರಹಕ್ಕೆ ಉತ್ತರಧ್ರುವದ ಸಮೀಪದ ಪ್ರದೇಶಗಳು ಸರಿಯಾಗಿ ಎಟುಕುವುದಿಲ್ಲ. ಆದ್ದರಿಂದ ಅದಕ್ಕೆ ಹನ್ನೆರಡು ಗಂಟೆಗೊಮ್ಮೆ ಸುತ್ತುವ, ಉತ್ತರಾರ್ಧಗೋಳದ ಮೇಲೆ ಬಹಳ ಹೊತ್ತು ನಿಲ್ಲುವ ಉದ್ದನೆಯ ಕಕ್ಷೆಯನ್ನು ಆರಿಸಲಾಯಿತು. ೧೯೬೭ರ ನವೆಂಬರಿನಲ್ಲಿ, ಕ್ರಾಂತಿಯ ಐವತ್ತನೆಯ ವರ್ಷಕ್ಕೆ, ೧೨ ಮೀಟರ್ ವ್ಯಾಸದ ಆಂಟೆನಾಗಳುಳ್ಳ ಸುಮಾರು ೨೦ ‘ಓರ್ಬಿತಾ’ ಕೇಂದ್ರಗಳು ಕೆಲಸಕ್ಕೆ ತೊಡಗಿದವು. ಸೈಬೀರಿಯ, ದೂರಪ್ರಾಚ್ಯ, ಮಧ್ಯ ಏಷ್ಯಗಳ ಮನೆಗಳಲ್ಲಿ ಮಾಸ್ಕೋದ ಟೆಲಿವಿಷನ್ ಕಾಣಿಸಿತು. ಹೊಸವರ್ಷದ ರಾತ್ರಿಯ ಸಂಗೀತ ಕಾರ್ಯಕ್ರಮದಲ್ಲಿ ಹಾಡುಗಾರರ ನಡುವೆ ವ್ಯೋಮಯಾತ್ರಿಗಳೂ ಕುಳಿತಿರುತ್ತಿದ್ದರು. ೧೯೫೭ರಲ್ಲಿ ಉಪಗ್ರಹವನ್ನು ನೋಡಲು ಜನ ಮನೆಯಿಂದ ಹೊರಗೆ ಬಂದಿದ್ದರು. ಹತ್ತು ವರ್ಷಗಳ ಬಳಿಕ ಅದೇ ಉಪಗ್ರಹ ಅವರನ್ನು ಮನೆಯೊಳಗೆ ಕೂರಿಸಿತು.

ಹೀಗೆ ಉಪಯೋಗ ಬೆಳೆದಂತೆ ವಿಸ್ಮಯ ತಗ್ಗಿತು. ೧೯೬೯ರ ಜುಲೈಯಲ್ಲಿ ಅಮೆರಿಕನರು ಚಂದ್ರನ ಮೇಲೆ ಇಳಿದುದನ್ನು ಸೋವಿಯತ್ ಟೆಲಿವಿಷನ್ ನೇರವಾಗಿ ತೋರಿಸಲಿಲ್ಲ. ೧೯೭೦ರ ದಶಕದಲ್ಲಿ ಕಕ್ಷೆಯ ನಿಲ್ದಾಣಗಳಲ್ಲಿ ತಿಂಗಳುಗಟ್ಟಲೆ ಇದ್ದು ಬಂದವರ ಹೆಸರುಗಳು ಗಗಾರಿನ್ನರ ಹೆಸರಿನಂತೆ ಜನರ ಬಾಯಲ್ಲಿ ನಿಲ್ಲಲಿಲ್ಲ. ೧೯೭೫ರಲ್ಲಿ ಸೋವಿಯತ್ ಮತ್ತು ಅಮೆರಿಕನ್ ನೌಕೆಗಳು ಕೂಡಿದಾಗ, ಆ ಸ್ನೇಹದ ಗುರುತಾಗಿ ಎರಡೂ ದೇಶಗಳ ಕಂಪನಿಗಳು ಸೇರಿ ತಯಾರಿಸಿದ ‘ಸೋಯುಜ್-ಅಪೊಲೊ’ ಸಿಗರೇಟು ಅಂಗಡಿಗೆ ಬಂದಿತು.

ಅದೇ ೧೯೭೫ರಲ್ಲಿ ಈ ಕಥೆ ನಮ್ಮ ನಾಡನ್ನೂ ಮುಟ್ಟಿತು. ಬೆಂಗಳೂರಿನ ಪೀಣ್ಯದಲ್ಲಿ, ಉಡುಪಿಯ ಸಮೀಪದ ಅದಮಾರಿನವರಾದ ಯು. ಆರ್. ರಾವ್ ಅವರ ನೇತೃತ್ವದಲ್ಲಿ ಸಿದ್ಧವಾದ ‘ಆರ್ಯಭಟ’ ಏಪ್ರಿಲ್ ೧೯ರಂದು ಸೋವಿಯತ್ ದೇಶದ ಕಪೂಸ್ತಿನ್ ಯಾರ್‌ನಿಂದ ಸೋವಿಯತ್ ರಾಕೆಟ್ಟಿನಲ್ಲಿ ಹಾರಿತು. ಬಳಿಕ ಅದರ ಚಿತ್ರ ಎರಡು ರೂಪಾಯಿಯ ನೋಟಿನ ಹಿಂಬದಿಯಲ್ಲಿ ಅಚ್ಚಾಗಿ ಸಂತೆಯ ತರಕಾರಿಯವರ ಕೈಗೂ ಹೋಯಿತು. ಕಕ್ಷೆಯ ಯಂತ್ರ ದಿನಬಳಕೆಯ ವಸ್ತುವಿನ ಮೇಲೆ ಚಿತ್ರವಾಗಿ ಇಳಿಯುವ ಕ್ರಮವನ್ನು ನಮ್ಮ ವಿದ್ಯಾರ್ಥಿಗಳು ಈ ನೋಟಿನಲ್ಲಿ ಕಂಡುಕೊಳ್ಳಬಹುದು. ಅದು ಸೋವಿಯತ್ ದೇಶದ್ದು ಮಾತ್ರವಲ್ಲ.

೯. ಉಪಸಂಹಾರ

೧೯೯೧ರ ಮೇ ೧೮ರಂದು ಸೆರ್ಗೆಯ್ ಕ್ರಿಕಲ್ಯೊವ್ ‘ಮೀರ್’ ನಿಲ್ದಾಣಕ್ಕೆ ಹೊರಟಾಗ ಅವರು ಸೋವಿಯತ್ ಪ್ರಜೆ. ೧೯೯೨ರ ಮಾರ್ಚ್ ೨೫ರಂದು ಅವರು ಹಿಂದಿರುಗುವ ಹೊತ್ತಿಗೆ ಆ ರಾಜ್ಯವೇ ಇರಲಿಲ್ಲ. ಅವರು ಹಾರಿದ ಬೈಕನೂರ್ ಬೇರೊಂದು ದೇಶಕ್ಕೆ ಸೇರಿತ್ತು. ರಾಜ್ಯ ಅಳಿದರೂ ಅದರ ವ್ಯೋಮಯಾನದ ನೆನಪು ಅಳಿಯಲಿಲ್ಲ. ೧೯೯೧ರ ಅನಂತರ ರಷ್ಯದಲ್ಲಿ ನಡೆದ ಜನಾಭಿಪ್ರಾಯ ಸಂಗ್ರಹಣೆಗಳಲ್ಲಿ ಹೆಮ್ಮೆಪಡತಕ್ಕ ಸಂಗತಿಗಳನ್ನು ಕೇಳಿದಾಗ ಯುದ್ಧವಿಜಯದ ಜೊತೆಗೆ ವ್ಯೋಮಯಾನವೂ ಮೊದಲ ಸ್ಥಾನಗಳಲ್ಲಿ ಬಂದಿದೆ.

ಇದೆಲ್ಲ ಪ್ರಚಾರದ ಫಲವಾಗಿದ್ದರೆ ಪ್ರಚಾರ ಮಾಡಿದ ಪ್ರಭುತ್ವದೊಡನೆಯೇ ಅಳಿಯಬೇಕಾಗಿತ್ತು. ಕೇವಲ ಮುಗ್ಧವಾದ ಆನಂದವಾಗಿದ್ದರೆ ಟೆಲಿಫೋನಿನ ಆ ನಗೆಹನಿ ಹುಟ್ಟುತ್ತಿರಲಿಲ್ಲ. ಜನರು ರಾಜ್ಯದ ಸಾಧನೆಯನ್ನು ರಾಜ್ಯದಿಂದ ಪಡೆದು ತಮ್ಮದಾಗಿಸಿಕೊಂಡರು. ಚಹಾದ ಲೋಟದ ಮೇಲೆ, ಹೊಸವರ್ಷದ ಮರದ ಮೇಲೆ, ಮಕ್ಕಳ ಅಂಗಳದಲ್ಲಿ ಅದಕ್ಕೆ ಎಡೆಕೊಟ್ಟರು. ಅನಂತರ ಅದೇ ಸಾಧನೆಯನ್ನು ಮುಂದಿಟ್ಟುಕೊಂಡು ರಾಜ್ಯವನ್ನು ಪ್ರಶ್ನಿಸಿದರು. ಆ ಪ್ರಶ್ನೆಗೆ ಪ್ರಭುತ್ವ ಕೊನೆಯವರೆಗೂ ತೃಪ್ತಿಕರವಾದ ಉತ್ತರ ಕೊಡಲಿಲ್ಲ. ರಾಜ್ಯದ ಕಡತಗಳಲ್ಲಿ ಈ ಪ್ರಶ್ನೆಯ ಜಾಡು ಅಲ್ಲಲ್ಲಿ ಮಾತ್ರ ಸಿಗುತ್ತದೆ. ಮನೆಯ ಸಾಮಾನಿನಲ್ಲಿ, ಪತ್ರಿಕೆಗೆ ಬರೆದ ಓಲೆಯಲ್ಲಿ, ಅಡುಗೆಮನೆಯಲ್ಲಿ ತಗ್ಗಿದ ದನಿಯಲ್ಲಿ ಹೇಳಿದ ನಗೆಮಾತಿನಲ್ಲಿ ಅದು ಧಾರಾಳವಾಗಿ ಸಿಗುತ್ತದೆ. ಇಂಥ ಆಧಾರಗಳನ್ನು ಶಾಸನ ಕಡತಗಳಷ್ಟೇ ಶ್ರದ್ಧೆಯಿಂದ ಪರಿಶೀಲಿಸುವುದು ಸಮಕಾಲೀನ ಚರಿತ್ರೆಯ ಅಭ್ಯಾಸಿಗಳ ಕರ್ತವ್ಯವೆಂದು ನಾವು ಭಾವಿಸುತ್ತೇವೆ.